ಲಘು ವಿಮಾನದಲ್ಲಿ ಎಲೆಕ್ಟ್ರಾನಿಕ್ ಹಾರಾಟ ಉಪಕರಣಗಳ ಜೋಡಣೆ

ಲಘು ವಿಮಾನದ ಮುಳ್ಳುಗಡಿಯಾರದಂಥ ಮಾಪಕಗಳ ಬದಲು ವೇಗ, ಎತ್ತರ, ವಾಲಿಕೆ, ದಿಕ್ಕುಗಳನ್ನು ಒಂದೆರಡು ಪರದೆಗಳಲ್ಲಿ ತೋರಿಸುವ ವ್ಯವಸ್ಥೆಯನ್ನು ಅಳವಡಿಸುವ ಕೆಲಸ. ಅಮೆರಿಕದಲ್ಲಿ ಇದು ಮೊದಲು ಹವ್ಯಾಸಿಗಳು ಕಟ್ಟಿಕೊಂಡ ವಿಮಾನಗಳಲ್ಲಿ ಬೇರೂರಿತು. ಆ ಬಳಿಕ ಅಂಥದೇ ಡೈನಾನ್ ಡಿ10ಎ ಉಪಕರಣವನ್ನು ಕಾರ್ಖಾನೆಯಲ್ಲಿ ತಯಾರಾದ ಕೆಲವು ಸೆಸ್ನಾ, ಪೈಪರ್ ಮಾದರಿಗಳಲ್ಲಿ ಕೂರಿಸಲು ಅಲ್ಲಿನ ವಿಮಾನಯಾನ ಆಡಳಿತ 2016ರಲ್ಲಿ ಒಪ್ಪಿತು. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಎರಡು ಆಸನಗಳ ಹಂಸ-ಎನ್‌ಜಿಯಲ್ಲೂ ಪರದೆಗಳ ಕಾಕ್‌ಪಿಟ್ ಇದೆ.

ಪರದೆ ಕೂರಿಸುವುದು ಸುಲಭ, ಸಂವೇದಕಗಳದ್ದೇ ತಕರಾರು. ಎಲ್ಲಕ್ಕಿಂತ ಹಟಮಾರಿ ಮ್ಯಾಗ್ನೆಟೋಮೀಟರ್. ಭೂಮಿಯ ಕ್ಷೀಣ ಕಾಂತಕ್ಷೇತ್ರವನ್ನು ಅಳೆದು ದಿಕ್ಕು ಹೇಳುವ ಇದಕ್ಕೆ ಹತ್ತಿರದ ಉಕ್ಕಿನ ತಿರುಪೂ ವೈರಿಯೇ. ಹಾಗಾಗಿ ಹಲವರು ಅದನ್ನು ರೆಕ್ಕೆಯ ತುದಿಯಲ್ಲಿ ಹಿತ್ತಾಳೆ ತಿರುಪು ಹಾಕಿ ಕೂರಿಸುತ್ತಾರೆ. ಅಲ್ಲೂ ರೆಕ್ಕೆಯ ದೀಪದ ತಂತಿಯಲ್ಲಿ ಹರಿಯುವ ವಿದ್ಯುತ್ತು ದಿಕ್ಕನ್ನು ತಪ್ಪಿಸಬಹುದು. ಹೋಗುವ, ಮರಳುವ ತಂತಿಗಳನ್ನು ಹೆಣೆದರೆ ಅವುಗಳ ಕ್ಷೇತ್ರಗಳು ಬಹುಮಟ್ಟಿಗೆ ಪರಸ್ಪರ ಅಳಿಯುತ್ತವೆ. ದೀಪ, ರೇಡಿಯೊಗಳನ್ನು ಹಾಕಿ ಆರಿಸಿ ದಿಕ್ಕು ಕದಲುತ್ತದೆಯೇ ಎಂದು ನೋಡುವುದು ಅಗತ್ಯ ಪರೀಕ್ಷೆ.

ಎಂಜಿನ್ನಿನ ಸಿಲಿಂಡರ್ ಮತ್ತು ಹೊಗೆಯ ತಾಪ ಅಳೆಯುವ ಥರ್ಮೋಕಪಲ್‌ಗಳ ತಂತಿಯನ್ನು ಉದ್ದಗೊಳಿಸಲು ಅದೇ ಬಗೆಯ ಮಿಶ್ರಲೋಹದ ತಂತಿಯೇ ಬೇಕು. ತಾಮ್ರ ಸೇರಿಸಿದರೆ ಬೆಸುಗೆಯ ಜಾಗದ ತಾಪವೂ ಲೆಕ್ಕಕ್ಕೆ ನುಸುಳುತ್ತದೆ.

ವೇಗ, ಎತ್ತರ ಅಳೆಯಲು ಗಾಳಿಯ ಒತ್ತಡ ತರುವ ಪಿಟಾಟ್, ಸ್ಟಾಟಿಕ್ ಕೊಳವೆಗಳನ್ನು ಬಿಚ್ಚಿ ಜೋಡಿಸಿದ ಮೇಲೆ ಸೋರಿಕೆ ಪರೀಕ್ಷೆ ಕಡ್ಡಾಯವೆಂದೇ ತಿಳಿಯಬೇಕು. ವಿಮಾನದ ವಿದ್ಯುತ್ತು ಕೈಕೊಟ್ಟಾಗ ಪರದೆ ಬೆಳಗಿರಲು ಪ್ರತ್ಯೇಕ ಬ್ಯಾಟರಿ ಇಡುವುದು ವಾಡಿಕೆ.