ಕ್ಲಬ್ಬಿನ ವಾರದ ಸಭೆಯಿಂದ ಕಡಲತೀರಕ್ಕೆ: ಯಾವ ತಿಂಗಳು ಯಾವ ಕೆಲಸ? ಇಲ್ಲಿದೆ ಪೂರ್ತಿ ಮಾಹಿತಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಉತ್ತರ ಕನ್ನಡದ ಈ ಐದು ಕರಾವಳಿ ತಾಲೂಕುಗಳಲ್ಲಿ ಸೇವಾ ಕ್ಲಬ್ ಅಂದ್ರೆ ಜನರಿಗೆ ನೆನಪಾಗೋದು ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ, ಶಾಲೆಗೆ ಬೆಂಚು. ಅದರ ಜೊತೆಗೆ ವರ್ಷಕ್ಕೊಮ್ಮೆ ಬೀಚ್ ಸ್ವಚ್ಛತೆ. ಬ್ಯಾನರ್ ಹಿಡಿದು ಫೋಟೊ ಆಗುತ್ತೆ, ಚೀಲ ತುಂಬುತ್ತೆ, ಮರುದಿನ ಸುದ್ದಿ ಬರುತ್ತೆ. ಆ ಚೀಲ ಆಮೇಲೆ ಎಲ್ಲಿಗೆ ಹೋಯ್ತು ಅಂತ ಕೇಳಿದ್ರೆ ಮಾತ್ರ ಉತ್ತರ ಸಿಗೋದು ಕಷ್ಟ.

ನಿಜ ಹೇಳಬೇಕಂದ್ರೆ ಕಡಲತೀರಕ್ಕೆ ಒಳ್ಳೇದಾಗುತ್ತೋ ಇಲ್ಲವೋ ಅನ್ನೋದು ಆ ಭಾನುವಾರ ಬೆಳಿಗ್ಗೆ ತೀರ್ಮಾನ ಆಗೋದಲ್ಲ. ಅದಕ್ಕೂ ಮುಂಚಿನ ವಾರದ ಸಭೆಗಳಲ್ಲಿ ಆಗುತ್ತೆ. ಅಲ್ಲಿ ಕ್ಲಬ್ಬಿನ ಕ್ಯಾಲೆಂಡರ್ ನೋಡಿ ದಿನ ಇಟ್ಟರೆ ಒಂದು ರೀತಿ, ಕಡಲಿನ ಕ್ಯಾಲೆಂಡರ್ ನೋಡಿ ಇಟ್ಟರೆ ಇನ್ನೊಂದು ರೀತಿ. ಕ್ಲಬ್ ಸದಸ್ಯರಿಗೆ, ಅಂಗಡಿಯವರಿಗೆ, ತೀರದ ಊರಿನವರಿಗೆ ಉಪಯೋಗ ಆಗುವ ವಿವರ ಕೆಳಗಿದೆ.

ವಾರದ ಸಭೆಯಲ್ಲಿ ಏನು ನಡೆಯುತ್ತೆ?

ನಮ್ಮ ಕಡೆ ಹೆಚ್ಚು ಕಾಣೋದು ರೋಟರಿ ಮತ್ತು ಲಯನ್ಸ್. ರೋಟರಿ 1905ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಪೌಲ್ ಹ್ಯಾರಿಸ್ ಎಂಬ ವಕೀಲರಿಂದ ಶುರುವಾಯ್ತು. ಲಯನ್ಸ್ 1917ರಲ್ಲಿ ಮೆಲ್ವಿನ್ ಜೋನ್ಸ್ ಮುಂದಾಳತ್ವದಲ್ಲಿ ಅದೇ ಊರಲ್ಲಿ ಹುಟ್ಟಿತು. ವಾರಕ್ಕೊಮ್ಮೆ ಸೇರುವುದು ರೋಟರಿಯ ಹಳೇ ಪದ್ಧತಿ. 2016ರಲ್ಲಿ ನಿಯಮ ಸಡಿಲವಾಗಿ, ತಿಂಗಳಿಗೆ ಕನಿಷ್ಠ ಎರಡು ಸಭೆ ಆದರೆ ಸಾಕು ಅಂತಾಯ್ತು. ಆದ್ರೂ ವಾರದ ಸಭೆ ಬಿಡದ ಕ್ಲಬ್ಬುಗಳು ಬಹಳ ಇವೆ.

ಸಭೆಯ ಕ್ರಮ ಎಲ್ಲಾ ಕಡೆ ಹೆಚ್ಚೂಕಡಿಮೆ ಒಂದೇ. ಅಧ್ಯಕ್ಷರು ಗಂಟೆ ಬಾರಿಸ್ತಾರೆ, ಪ್ರಾರ್ಥನೆ, ಸ್ವಾಗತ, ಕಾರ್ಯದರ್ಶಿ ವರದಿ, ಹುಟ್ಟುಹಬ್ಬ ಇದ್ದವರಿಗೆ ಶುಭಾಶಯ, ಅತಿಥಿ ಭಾಷಣ, ವಂದನಾರ್ಪಣೆ, ಕೊನೆಗೆ ಊಟ. ಖರ್ಚಿನ ತೀರ್ಮಾನ ಆಡಳಿತ ಮಂಡಳಿಯ ಸಭೆಯಲ್ಲಿ ಬೇರೆಯಾಗಿ ಆಗುತ್ತೆ. ಆದರೆ 'ಇದು ಮಾಡುವಾ' ಅನ್ನೋ ಮಾತು ಹುಟ್ಟೋದು ವಾರದ ಸಭೆಯಲ್ಲೇ.

ರೋಟರಿಯ ಸೇವಾ ಕ್ಷೇತ್ರಗಳ ಪಟ್ಟಿಗೆ ಪರಿಸರ ಸೇರಿದ್ದು ಇತ್ತೀಚೆಗೆ, ಏಳನೆಯದಾಗಿ, 2021ರ ಜುಲೈಯಿಂದ. ಹಾಗಾಗಿ ಕಡಲತೀರದ ಕೆಲಸ ಈಗ ಕ್ಲಬ್ಬಿಗೆ ಹೊರಗಿನ ವಿಷಯ ಅಲ್ಲ.

ಇನ್ನೊಂದು ಅನುಕೂಲ ಇದೆ. ಬೇರೆ ಬೇರೆ ವೃತ್ತಿಯವರು ಒಟ್ಟಿಗೆ ಇರಬೇಕು ಅನ್ನೋದು ರೋಟರಿಯ ಮೂಲ ಲೆಕ್ಕ. ವಿದ್ಯುತ್ ಗುತ್ತಿಗೆದಾರ, ವಕೀಲ, ಹೋಟೆಲ್ ಮಾಲೀಕ, ಲಾರಿ ಇಟ್ಟವರು, ಹಾರ್ಡ್‌ವೇರ್ ಅಂಗಡಿಯವರು ಒಂದೇ ಕೋಣೆಯಲ್ಲಿ ಕೂತಿರ್ತಾರೆ. ಕಡಲತೀರಕ್ಕೆ ಬೇಕಾದ್ದೂ ಈ ಕೈಗಳೇ.

ಕ್ಲಬ್ಬಿನ ವರ್ಷ, ಕಡಲಿನ ವರ್ಷ

ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತೆ. ಅಧ್ಯಕ್ಷರ ಅವಧಿಯೂ ಒಂದೇ ವರ್ಷ. ಹೊಸಬರು ಬಂದಾಗ ಹಳೇ ಕೆಲಸ ನಿಂತುಹೋಗೋದು ಎಲ್ಲಾ ಸಂಘಗಳಲ್ಲೂ ಇರುವ ಕಾಯಿಲೆ. ಆದರೆ ಕಡಲಿನ ಕೆಲಸದ ಮಟ್ಟಿಗೆ ಈ ಲೆಕ್ಕ ಚೆನ್ನಾಗಿ ಕೂಡಿಬರುತ್ತೆ. ಮಳೆಗಾಲದಲ್ಲಿ ತಯಾರಿ, ಮಳೆ ಕಳೆದ ಮೇಲೆ ಸ್ವಚ್ಛತೆ, ಚಳಿಗಾಲದಿಂದ ಬೇಸಿಗೆವರೆಗೆ ಆಮೆ ಕಾವಲು, ಇಷ್ಟೂ ಒಬ್ಬರೇ ಅಧ್ಯಕ್ಷರ ಅವಧಿಯಲ್ಲಿ ಬರುತ್ತೆ.

ಜುಲೈ–ಆಗಸ್ಟ್: ಕಡಲು ಜೋರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಮಕ್ಕಳನ್ನು ಕರ್ಕೊಂಡು ತೀರಕ್ಕೆ ಇಳಿಯುವ ಕಾಲ ಇದಲ್ಲ. ಈ ಎರಡು ತಿಂಗಳ ಸಭೆಗೆ ವಲಯ ಅರಣ್ಯಾಧಿಕಾರಿ, ಗ್ರಾಮ ಪಂಚಾಯಿತಿ ಪಿಡಿಒ, ಊರಿನ ಹಿರಿಯ ಮೀನುಗಾರ, ಈ ಮೂವರನ್ನು ಅತಿಥಿಯಾಗಿ ಕರೆಯಬಹುದು. ಆಮೆ ಎಲ್ಲಿ ಹತ್ತುತ್ತೆ, ಅಳಿವೆ ಯಾವ ಕಡೆ ಸರಿಯುತ್ತಿದೆ ಅಂತ ಮೀನುಗಾರರಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲ್ಲ.

ಸೆಪ್ಟೆಂಬರ್–ನವೆಂಬರ್: ಮಳೆಗಾಲದಲ್ಲಿ ಹೊಳೆ ತಂದದ್ದನ್ನ ಕಡಲು ತೀರಕ್ಕೆ ವಾಪಸ್ ಹಾಕಿರುತ್ತೆ. ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ ಬರೋದು ಸೆಪ್ಟೆಂಬರ್ ಮೂರನೇ ಶನಿವಾರ. ದೊಡ್ಡ ಸ್ವಚ್ಛತೆ ಮಾಡೋದಿದ್ರೆ ನವೆಂಬರ್ ಒಳಗೆ ಮುಗಿಸಿದರೆ ಆಮೆ ಬರುವ ಹೊತ್ತಿಗೆ ತೀರ ತಯಾರಿರುತ್ತೆ.

ಡಿಸೆಂಬರ್–ಏಪ್ರಿಲ್: ಕಡಲಾಮೆ ಮೊಟ್ಟೆ ಇಡುವ, ಮರಿ ಹೊರಬರುವ ಕಾಲ. ಈ ತಿಂಗಳುಗಳಲ್ಲಿ ಕೆಲಸ ಕಡಿಮೆ, ಎಚ್ಚರ ಜಾಸ್ತಿ.

ಮೇ–ಜೂನ್: ಮಳೆಗೆ ಮುಂಚೆ ಚರಂಡಿ ಬಾಯಿ, ಹೊಳೆ ದಂಡೆ ಸ್ವಚ್ಛ ಮಾಡಬೇಕು. ಪೇಟೆಯ ಕಸ ಕಡಲಿಗೆ ಹೋಗೋದು ಮೊದಲ ಮಳೆಯಲ್ಲೇ. ತೀರದಲ್ಲಿ ಹತ್ತು ಚೀಲ ಹೆಕ್ಕುವುದಕ್ಕಿಂತ ಪೇಟೆ ಚರಂಡಿಯಲ್ಲಿ ಒಂದು ಚೀಲ ತಡೆಯೋದು ಸುಲಭ.

ಕಡಲಾಮೆ ವಿಷಯ ಗೊತ್ತಿರಲಿ

ನಮ್ಮ ತೀರಕ್ಕೆ ಬರೋದು ಮುಖ್ಯವಾಗಿ ಆಲಿವ್ ರಿಡ್ಲೆ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡ ಟೊಂಕ ಭಾಗದಲ್ಲಿ ಮೊಟ್ಟೆ ಇಟ್ಟಿರೋದು ಎಲ್ಲರಿಗೂ ಗೊತ್ತಿರುವ ವಿಷಯ. ಒಂದು ಗೂಡಲ್ಲಿ ಸುಮಾರು 100ರಿಂದ 120 ಮೊಟ್ಟೆ. ಮರಿ ಆಗೋಕೆ 45ರಿಂದ 60 ದಿನ. ಹೊಯ್ಗೆಯ ಬಿಸಿ ಮೇಲೆ ಮರಿ ಗಂಡೋ ಹೆಣ್ಣೋ ಅನ್ನೋದು ನಿರ್ಧಾರ ಆಗುತ್ತೆ, ಬಿಸಿ ಜಾಸ್ತಿಯಾದರೆ ಹೆಣ್ಣು ಜಾಸ್ತಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಈ ಆಮೆ ಇದೆ. ಅಂದ್ರೆ ಹುಲಿಗೆ ಇರುವಷ್ಟೇ ರಕ್ಷಣೆ. ಮೊಟ್ಟೆ ಮುಟ್ಟೋದು, ತೆಗೆದು ಬೇರೆ ಕಡೆ ಇಡೋದು ಕೂಡ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಅಪರಾಧ. ಒಳ್ಳೇ ಮನಸ್ಸಿಂದ ಮಾಡಿದ್ರೂ ಅಷ್ಟೇ. ಗೂಡು ಕಂಡರೆ ದೂರ ನಿಂತು, ನಾಯಿ ಬಾರದ ಹಾಗೆ ನೋಡಿಕೊಂಡು, ವಲಯ ಅರಣ್ಯ ಕಚೇರಿಗೆ ತಿಳಿಸೋದು ಸರಿಯಾದ ಕ್ರಮ.

ಮರಿಗಳು ಸಾಮಾನ್ಯವಾಗಿ ರಾತ್ರಿ ಹೊರಬರ್ತವೆ. ಬೆಳಕು ಎಲ್ಲಿ ಜಾಸ್ತಿಯೋ ಆ ಕಡೆ ಹೋಗೋದು ಅವುಗಳ ಸ್ವಭಾವ. ಕತ್ತಲಲ್ಲಿ ಸ್ವಲ್ಪ ಹೊಳೆಯೋದು ಕಡಲು ಮಾತ್ರ ಆಗಿದ್ದ ಕಾಲದಲ್ಲಿ ಅದು ಸರಿ ಇತ್ತು. ಈಗ ಹೈಮಾಸ್ಟ್ ದೀಪ, ರೆಸಾರ್ಟ್ ದೀಪ ಕಡಲಿಗಿಂತ ಜಾಸ್ತಿ ಹೊಳೆಯುತ್ತೆ. ಮರಿ ರಸ್ತೆ ಕಡೆ ಹರಿದು ಬಂದು ನಾಯಿ, ಕಾಗೆ ಪಾಲಾಗುತ್ತೆ.

ಸ್ವಚ್ಛತೆ ಹೆಸರಲ್ಲಿ ಆಗುವ ತಪ್ಪು

ಜೆಸಿಬಿ, ಟ್ರ್ಯಾಕ್ಟರ್ ತೀರಕ್ಕೆ ಇಳಿಸೋದು: ಹೊಯ್ಗೆ ಗಟ್ಟಿಯಾದರೆ ಆಮೆಗೆ ಗುಂಡಿ ತೋಡೋಕೆ ಆಗಲ್ಲ, ಒಳಗಿದ್ದ ಮರಿಗೆ ಮೇಲೆ ಬರೋಕೆ ಆಗಲ್ಲ. ಕಸ ಕೈಯಲ್ಲೇ ಹೆಕ್ಕಬೇಕು.

ಬಳ್ಳಿ ಕಿತ್ತು 'ಚೊಕ್ಕ' ಮಾಡೋದು: ಹೊಯ್ಗೆ ದಿಬ್ಬದ ಮೇಲೆ ನೇರಳೆ ಹೂವು ಬಿಟ್ಟು ಹರಡಿರುವ ಬಳ್ಳಿ ಕಳೆ ಅಲ್ಲ. ಗಾಳಿಗೆ, ತೆರೆಗೆ ದಿಬ್ಬ ಕರಗದ ಹಾಗೆ ಹಿಡಿದಿಡೋದು ಅದೇ. ಬಳ್ಳಿ ಹೋದರೆ ದಿಬ್ಬ ಹೋಗುತ್ತೆ, ದಿಬ್ಬ ಹೋದರೆ ಹಿಂದಿನ ಮನೆ ಅಂಗಳಕ್ಕೆ ಕಡಲು ಬರುತ್ತೆ.

ವನಮಹೋತ್ಸವ ಅಂತ ಗಾಳಿಮರ ನೆಡೋದು: ಆಮೆ ಹತ್ತುವ ಜಾಗದಲ್ಲಿ ಇದರ ಬೇರು, ನೆರಳು ಎರಡೂ ಗೂಡಿಗೆ ತೊಂದರೆ.

ಉಬ್ಬರದ ಹೊತ್ತಲ್ಲಿ ದಿನ ಇಡೋದು: ಉಬ್ಬರ–ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಇಳಿತ ಇದೆ ಅಂದ್ರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಉಬ್ಬರ ಇರಬಹುದು. ಅತಿಥಿಗಳ ಬಿಡುವು ನೋಡುವ ಮೊದಲು ಇಳಿತದ ಸಮಯ ನೋಡಬೇಕು.

ತುಂಬಿದ ಚೀಲ ಎಲ್ಲಿಗೆ?

ತೀರದಲ್ಲಿ ಸಿಗೋ ಕಸ ಒಂದೇ ಥರದ್ದಲ್ಲ. ನೀರಿನ ಬಾಟಲಿ, ನೈಲಾನ್ ಬಲೆ ತುಂಡು, ಹಗ್ಗ ಗುಜರಿಗೆ ಹೋಗುತ್ತೆ. ಆದರೆ ಹೊಯ್ಗೆ, ಉಪ್ಪುನೀರು ಹಿಡಿದಿದ್ರೆ ಗುಜರಿಯವರೂ ಬೇಡ ಅಂತಾರೆ. ಕೊಡವಿ ಒಣಗಿಸಿ ಕೊಡಬೇಕು. ಚಪ್ಪಲಿ, ಥರ್ಮಾಕೋಲ್, ಚಿಪ್ಸ್ ಪೊಟ್ಟಣ ಯಾರಿಗೂ ಬೇಡದ ಕಸ. ಇವನ್ನ ಪಂಚಾಯಿತಿಯ 'ಸ್ವಚ್ಛ ಸಂಕೀರ್ಣ' ಘಟಕಕ್ಕೇ ಕೊಡಬೇಕಾಗುತ್ತೆ. ಮುಂಚೆ ಹೇಳದೆ ಒಮ್ಮೆಗೇ ಲಾರಿಯಲ್ಲಿ ತಂದು ಸುರಿದರೆ ಅಲ್ಲಿ ವಿಂಗಡಿಸುವ ಸ್ವಸಹಾಯ ಸಂಘದ ಮಹಿಳೆಯರಿಗೆ ಅದು ಹೊರೆ.

ಹಾಗಾಗಿ ತೀರದಲ್ಲೇ ಮೂರು ಚೀಲ ಮಾಡಿ, ಒಂದು ವಾರ ಮುಂಚೆ ಪಿಡಿಒಗೆ ತಿಳಿಸಿ, ಲಾರಿ ಯಾರದ್ದು ಅಂತ ಸಭೆಯಲ್ಲೇ ಬರೆದುಕೊಳ್ಳಬೇಕು. ದಿಬ್ಬದ ಹಿಂದೆ ಗುಂಡಿ ತೋಡಿ ಹೂಳೋದು, ಅಲ್ಲೇ ಸುಡೋದು ಎರಡೂ ತಪ್ಪು. ಹೂಳಿದ್ದು ಮುಂದಿನ ಮಳೆಗಾಲಕ್ಕೆ ಮತ್ತೆ ಕಡಲಲ್ಲಿರುತ್ತೆ.

ಕಾಂಡ್ಲಾ ನೆಡುವ ಮುಂಚೆ

ಸಂರಕ್ಷಣೆ ಅಂದ್ರೆ ತೀರ ಮಾತ್ರ ಅಲ್ಲ, ಅಳಿವೆಯೂ ಹೌದು. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ಬಳಚು ಹೆಕ್ಕುವವರು, ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವವರು, ಸಿಗಡಿ ಮೀನು ಹಿಡಿಯುವವರು ಎಲ್ಲರೂ ಈ ಅಳಿವೆಯನ್ನೇ ನಂಬಿದ್ದಾರೆ.

ಮೀನು ಮರಿಗೆ ಆಸರೆ, ದಂಡೆಗೆ ತಡೆ ಆಗಿರೋದು ಕಾಂಡ್ಲಾ ಗಿಡ. ಕ್ಲಬ್ಬುಗಳಿಗೆ ನೆಡುವ ಉತ್ಸಾಹ ಇರುತ್ತೆ, ಒಳ್ಳೇದು. ಆದರೆ ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ತೆರೆದುಕೊಳ್ಳುವ ಕೆಸರಲ್ಲಿ ಮಾತ್ರ ಅದು ಬದುಕುತ್ತೆ. ಸಿಕ್ಕ ಕಡೆ ನೆಟ್ಟರೆ ಸಾಯುತ್ತೆ. ಬಳಚು ಇರುವ ಬಯಲಲ್ಲಿ ನೆಟ್ಟರೆ ಇನ್ನೊಬ್ಬರ ಅನ್ನಕ್ಕೆ ಕಲ್ಲು. ಜಾಗ ಯಾವುದು ಅಂತ ಅರಣ್ಯ ಇಲಾಖೆ ಮತ್ತು ಅಲ್ಲಿ ದಿನಾ ಇಳಿಯುವವರನ್ನ ಕೇಳಿ ತೀರ್ಮಾನ ಮಾಡಬೇಕು. ನೆಟ್ಟ ಮೇಲೆ ಮೂರು ವರ್ಷ ನೋಡಿಕೊಳ್ಳುವವರು ಯಾರು ಅನ್ನೋದೂ ಬರೆದಿರಬೇಕು.

ಅಂಗಡಿಯವರು ಏನು ಮಾಡಬಹುದು?

120 ಮೈಕ್ರಾನ್‌ಗಿಂತ ತೆಳು ಪ್ಲಾಸ್ಟಿಕ್ ಚೀಲ ದೇಶದಲ್ಲೆಡೆ 2022ರ ಡಿಸೆಂಬರ್ 31ರಿಂದ ನಿಷೇಧ. ಕರ್ನಾಟಕದಲ್ಲಂತೂ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ. ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಸ್ಟ್ರಾ 2022ರ ಜುಲೈ 1ರಿಂದ ಬಂದ್. ದಂಡ ಬೀಳೋದು ಅಂಗಡಿಯವರಿಗೇ, ಹಾಗಾಗಿ ಕೇಳಿ ತಿಳ್ಕೊಂಡಿರೋದು ಒಳ್ಳೇದು.

ತೀರದ ಹತ್ತಿರ ಗಾಡಿ, ಹೋಟೆಲ್ ಇಟ್ಟವರು ಮೀನಿನ ತ್ಯಾಜ್ಯ, ಎಂಜಲು ತೆರೆದು ಬಿಡಬಾರದು. ಅದನ್ನ ತಿಂದು ಬೆಳೆದ ನಾಯಿಗಳೇ ರಾತ್ರಿ ಆಮೆ ಗೂಡು ಕೆದರೋದು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಕಡಲ ಕಡೆ ಮುಖ ಮಾಡಿರುವ ದೀಪವನ್ನ ಕೆಳಗೆ ತಿರುಗಿಸಿ ಮರೆ ಕಟ್ಟಿದರೆ ಸಾಕು, ಪೂರ್ತಿ ಆರಿಸಬೇಕು ಅಂತಿಲ್ಲ. ಕ್ಲಬ್ಬಿನಲ್ಲಿರುವ ವಿದ್ಯುತ್ ಗುತ್ತಿಗೆದಾರರಿಗೆ ಇದು ಅರ್ಧ ದಿನದ ಕೆಲಸ.

ಹೊನ್ನಾವರದ ಕಾಸರಕೋಡ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕೆ ನೀರು, ಸ್ವಚ್ಛತೆ, ಸುರಕ್ಷತೆ ಎಲ್ಲಾ ನೋಡ್ತಾರೆ, ಮತ್ತೆ ಮತ್ತೆ ಪರೀಕ್ಷೆ ಆಗುತ್ತೆ. ತೀರ ಕೆಟ್ಟರೆ ಪ್ರವಾಸಿ ಬರಲ್ಲ, ಅಂಗಡಿ ವ್ಯಾಪಾರವೂ ಆಗಲ್ಲ.

ಕಾನೂನು ಚುಟುಕಾಗಿ

ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ. ನಂತರ 2011, 2019ರಲ್ಲಿ ಬದಲಾಯ್ತು. ಆಮೆ ಮೊಟ್ಟೆ ಇಡುವ ಜಾಗ, ಕಾಂಡ್ಲಾ, ಹೊಯ್ಗೆ ದಿಬ್ಬ ಇವು ಅತಿ ಸೂಕ್ಷ್ಮ ವಲಯದಲ್ಲಿ ಬರುತ್ತೆ. ಹಾಗಾಗಿ ಕ್ಲಬ್ ಹೆಸರಲ್ಲಿ ಕಾಂಕ್ರೀಟ್ ಬೆಂಚು, ನಾಮಫಲಕದ ಕಟ್ಟೆ, ಸೆಲ್ಫಿ ಪಾಯಿಂಟ್ ಕಟ್ಟುವ ಮುಂಚೆ ಅನುಮತಿ ಬೇಕಾ ಅಂತ ವಕೀಲ ಸದಸ್ಯರಿಂದ ನೋಡಿಸಿಕೊಳ್ಳಬೇಕು.

ನಡಾವಳಿ ಪುಸ್ತಕದಲ್ಲಿ ಇರಬೇಕಾದ ಐದು ಸಾಲು

1. ಆ ದಿನ ಇಳಿತ ಎಷ್ಟು ಗಂಟೆಗೆ?
2. ಆಮೆ ಕಾಲ ಹೌದೋ ಅಲ್ಲವೋ, ಅರಣ್ಯ ಇಲಾಖೆಗೆ ತಿಳಿಸಿದ್ದು ಯಾರು?
3. ಚೀಲ ಎಲ್ಲಿಗೆ, ಯಾರ ಲಾರಿಯಲ್ಲಿ?
4. ಊರಿನ ಮೀನುಗಾರರಲ್ಲಿ ಯಾರನ್ನ ಕೇಳಲಾಯ್ತು?
5. ಮುಂದಿನ ವರ್ಷ ಇದನ್ನ ನೋಡಿಕೊಳ್ಳುವವರು ಯಾರು?

ಮೊದಲ ನಾಲ್ಕಕ್ಕೆ ಉತ್ತರ ಇದ್ದರೆ ಆ ದಿನದ ಕೆಲಸ ಸರಿ ಆಗುತ್ತೆ. ಐದನೆಯದಕ್ಕೆ ಉತ್ತರ ಇದ್ದರೆ ಮಾತ್ರ ಜೂನ್ 30 ಕಳೆದ ಮೇಲೂ ಕೆಲಸ ಉಳಿಯುತ್ತೆ. ಪದಗ್ರಹಣದ ದಿನ ಹೊಸ ಅಧ್ಯಕ್ಷರಿಗೆ ಕಾಲರ್, ಗಂಟೆ ಒಪ್ಪಿಸುವಾಗ ಈ ಪುಟವನ್ನೂ ತೆರೆದು ಕೊಟ್ಟರೆ ಒಳ್ಳೇದು.