ಗೋಡೆಗೆ ತೂಗುಹಾಕಿದ ಕೋವಿ

ಬಂದೂಕು ಮಾರುವ ಅಂಗಡಿಗಳು ನಮ್ಮಲ್ಲಿ ಹೆಚ್ಚಿಲ್ಲ. ಇರುವ ಕೆಲವಕ್ಕೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಗಾಜಿನ ಕಪಾಟಿನ ಕಡೆಗೆ. ಹನ್ನೆರಡು ಬೋರಿನ ಒಂಟಿ ನಳಿಗೆಯ ಕೋವಿ, ಜೋಡಿ ನಳಿಗೆಯ ಕೋವಿಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಗಿರಾಕಿಗಳು ಅವುಗಳನ್ನು ಎತ್ತಿ ತೂಕ ನೋಡುತ್ತಾರೆ, ನಳಿಗೆ ಮಡಚುತ್ತಾರೆ, ಕುದುರೆ ಎಳೆದು ಬಿಡುತ್ತಾರೆ. ಹತ್ತಾರು ಕೈ ದಾಟಿದ ಮೇಲೆ ಉಕ್ಕಿನ ನೀಲಿ ಹೊಳಪು ಮಾಸುತ್ತದೆ, ಬೆವರಿನ ಗುರುತಿನಲ್ಲಿ ಸಣ್ಣಗೆ ತುಕ್ಕು ಹಿಡಿಯುತ್ತದೆ, ಹಿಡಿಯ ಮರಕ್ಕೆ ಗೀರು ಬೀಳುತ್ತದೆ. ಇಂಥ 'ಪ್ರದರ್ಶನದ ಮಾಲ'ನ್ನು ವ್ಯಾಪಾರಿ ತುಸು ಅಗ್ಗಕ್ಕೆ ಕೊಡಲು ಸಿದ್ಧನಿರುತ್ತಾನೆ. ಕೊಳ್ಳುವವನ ಮನಸ್ಸಿನಲ್ಲಿ ಆಗ ಒಂದು ಪ್ರಶ್ನೆ ಏಳುವುದುಂಟು: ಹೇಗೂ ಇದು ನೋಡಲಿಕ್ಕೆ ಇಟ್ಟ ವಸ್ತು, ಮನೆಗೆ ಒಯ್ದು ಗೋಡೆಗೆ ಹಾಕಿದರೆ ಅದಕ್ಕೂ ಪರವಾನಗಿ ಬೇಕೇ?

ಕಾನೂನಿನ ಉತ್ತರ ಚಿಕ್ಕದು. ಆದರೆ ಆ ಉತ್ತರದ ಹಿಂದಿನ ಕಥೆ ಉದ್ದವಾದದ್ದು. ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಅದು ರಕ್ತದಲ್ಲಿ ಬರೆದ ಕಥೆ. ಇಲ್ಲಿ ಕೋವಿ ಗೋಡೆಯ ಅಲಂಕಾರವಾಗಿ ಹುಟ್ಟಲಿಲ್ಲ. ಅದನ್ನು ಹೊತ್ತವನಿಗೆ ಅನ್ನವೂ ಮಾನವೂ ಅದೇ ಆಗಿತ್ತು.

ಈ ಆಯುಧಕ್ಕೆ ಕನ್ನಡದಲ್ಲಿ ಮೂರು ಹೆಸರುಗಳಿವೆ. 'ಬಂದೂಕು' ಅರಬ್ಬಿ, ಪಾರಸಿಗಳ ದಾರಿಯಿಂದ ಬಂದದ್ದು. 'ತುಪಾಕಿ' ತುರ್ಕಿ ಮೂಲದ್ದು. 'ಕೋವಿ' ಮಾತ್ರ ನಮ್ಮದೇ ಪದ, ಟೊಳ್ಳಾದ ಕೊಳವೆ ಎಂಬುದು ಅದರ ಅರ್ಥ. ಹೊರಗಿನಿಂದ ಬಂದ ವಸ್ತುವಿಗೆ ಮನೆಯ ಹೆಸರು ದೊರೆಯಬೇಕಾದರೆ ಅದು ಜನರ ಕೈಯಲ್ಲಿ ಬಹುಕಾಲ ಬಳಕೆಯಾಗಿರಬೇಕು. ಕೃಷ್ಣಾ, ಭೀಮಾ ನದಿಗಳ ನಡುವಿನ ಈ ಗುಡ್ಡಗಾಡಿನಲ್ಲಿ ಹಾಗೆ ಬಳಸಿದವರು ಮುಖ್ಯವಾಗಿ ಬೇಡ ನಾಯಕರ ಕಾಲಾಳುಗಳು. ಅವರ ಗುರಿ ದಖನ್ನಿನಲ್ಲೆಲ್ಲ ಹೆಸರಾಗಿತ್ತು. ಪಾರಸಿ ಲೇಖಕರು 'ಬೇಡರ್' ಎಂಬುದನ್ನು 'ಬೇ-ಡರ್', ಅಂದರೆ ಅಂಜದವರು, ಎಂದು ಬಿಡಿಸಿ ಹೇಳಿದ್ದೂ ಉಂಟು.

ಅವರ ಕೈಯಲ್ಲಿದ್ದುದು ಜಾಮಗಿ ಬಂದೂಕು. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಕರಿಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡು ಹಾಕಿ, ಗಜದಿಂದ ಜಡಿಯಬೇಕು. ಪಕ್ಕದ ಸಣ್ಣ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ, ಕುದುರೆಗೆ ಸಿಕ್ಕಿಸಿದ ಉರಿಯುವ ಬತ್ತಿಯನ್ನು ಅದಕ್ಕೆ ಮುಟ್ಟಿಸಬೇಕು. ಒಂದು ಗುಂಡು ಹಾರಿಸಿ ಮತ್ತೊಂದಕ್ಕೆ ಸಿದ್ಧವಾಗಲು ಅರ್ಧ ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು. ಮಳೆ ಬಂದರೆ ಬತ್ತಿ ಆರುತ್ತಿತ್ತು. ಇಷ್ಟು ತೊಡಕಿನ ಆಯುಧ ಬಯಲಿನ ಕುದುರೆ ಸವಾರನಿಗೆ ಒಗ್ಗುವುದು ಕಷ್ಟ. ಬಂಡೆಯ ಮರೆಯಲ್ಲಿ ಕುಳಿತು ಗುರಿ ಹಿಡಿಯುವವನಿಗೆ ಮಾತ್ರ ಅದು ಹೇಳಿ ಮಾಡಿಸಿದಂತಿತ್ತು.

ಔರಂಗಜೇಬನಿಗೆ ಇದರ ಅನುಭವವಾದದ್ದು 1705ರಲ್ಲಿ. ಸುರಪುರಕ್ಕೆ ಸಮೀಪದ ವಾಗಣಗೇರಾ ಕೋಟೆಯನ್ನು ಮೊಗಲ ಸೈನ್ಯ ಆ ವರ್ಷದ ಫೆಬ್ರುವರಿಯಲ್ಲಿ ಮುತ್ತಿತು. ವಯೋವೃದ್ಧ ಚಕ್ರವರ್ತಿ ಸ್ವತಃ ಬಿಡಾರದಲ್ಲಿದ್ದ. ಪಿಡ್ಡನಾಯಕನ ಬಂದೂಕುಗಾರರು ಮುತ್ತಿಗೆಯನ್ನು ವಾರಗಟ್ಟಲೆ ತಡೆದರು. ಮರಾಠರ ಕುದುರೆ ದಂಡು ಅವರ ನೆರವಿಗೆ ಬಂತು. ಏಪ್ರಿಲ್ ಕೊನೆಯಲ್ಲಿ ಮೊಗಲರು ಕೋಟೆ ಹೊಕ್ಕಾಗ ನಾಯಕ ತಪ್ಪಿಸಿಕೊಂಡು ಹೋಗಿಯಾಗಿತ್ತು. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಎರಡು ವರ್ಷಗಳೊಳಗೆ ಅವನು ಅಹಮದ್‌ನಗರದಲ್ಲಿ ತೀರಿಕೊಂಡ. ನಾಯಕರ ಮನೆತನವಾದರೋ ಸುರಪುರವನ್ನು ರಾಜಧಾನಿ ಮಾಡಿಕೊಂಡು ಮತ್ತೆ ಒಂದೂವರೆ ಶತಮಾನ ಬಾಳಿತು.

ಇಂಥ ಜನರ ಕೈಯಿಂದ ಆಯುಧ ಬಿಡಿಸುವ ಕಾಲ 1857ರಲ್ಲಿ ಬಂತು. ಉತ್ತರದ ದಂಗೆಯಿಂದ ಬೆಚ್ಚಿದ ಬ್ರಿಟಿಷ್ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು. ಜನ ತಮ್ಮ ಆಯುಧಗಳನ್ನು ಒಪ್ಪಿಸಬೇಕು, ಇಲ್ಲವೇ ಅಪ್ಪಣೆ ಪಡೆದು ಇಟ್ಟುಕೊಳ್ಳಬೇಕು ಎಂಬುದು ಅದರ ತಿರುಳು. ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಬೆಂಕಿ ಇಟ್ಟಿತು, ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಲಾವಣಿಗಳು ಇಂದಿಗೂ ಆ ಕಥೆ ಹೇಳುತ್ತವೆ. ಹತಾರ ಕೊಡುವುದೆಂದರೆ ಆ ಜನಕ್ಕೆ ಒಂದು ಸಾಮಾನು ಕೊಟ್ಟಷ್ಟು ಸುಲಭವಾಗಿರಲಿಲ್ಲ.

ಎರಡು ತಿಂಗಳ ತರುವಾಯ ಸುರಪುರದ ಸರದಿ ಬಂತು. ರಾಜಾ ವೆಂಕಟಪ್ಪನಾಯಕನಿಗೆ ಆಗಿನ್ನೂ ಇಪ್ಪತ್ತನಾಲ್ಕರ ಆಸುಪಾಸು. ಅವನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1858ರ ಫೆಬ್ರುವರಿಯಲ್ಲಿ ಸುರಪುರದ ಮುಂದೆ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬರಿ ಸತ್ತ. ಹೆಚ್ಚಿನ ಸೈನ್ಯ ಬರುತ್ತಿದೆ ಎಂದು ತಿಳಿದ ರಾಜ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಮೊದಲು ವಿಧಿಸಿದ ಮರಣದಂಡನೆ ಇಳಿಯುತ್ತ ಬಂದು ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಅದಕ್ಕಾಗಿ ಅವನನ್ನು ಮದರಾಸಿನ ಕಡೆಯ ಚೆಂಗಲ್‌ಪಟ್ಟಿಗೆ ಸಾಗಿಸುತ್ತಿದ್ದರು.

ಮುಂದಿನದನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಪಯಣದ ಬಿಡಾರದಲ್ಲಿ ಕಾವಲಿನ ಅಧಿಕಾರಿ ಸೊಂಟದ ಪಟ್ಟಿ ಬಿಚ್ಚಿ ಕುರ್ಚಿಗೆ ತೂಗುಹಾಕಿ ಹೊರಗೆ ಹೋದ. ಪಟ್ಟಿಯಲ್ಲಿ ಗುಂಡು ತುಂಬಿದ ರಿವಾಲ್ವರ್ ಇತ್ತು. ಮರುಕ್ಷಣ ಗುಂಡಿನ ಸದ್ದು ಕೇಳಿಸಿತು. ಒಳಗೆ ಓಡಿ ಬಂದಾಗ ರಾಜ ಸತ್ತು ಬಿದ್ದಿದ್ದ. ಅವನೇ ಗುಂಡು ಹಾರಿಸಿಕೊಂಡ ಎಂಬುದು ಬ್ರಿಟಿಷರ ಹೇಳಿಕೆ. ಅದನ್ನು ನಂಬದೆ, ಕೊಲೆ ಎಂದು ಭಾವಿಸುವವರು ಸುರಪುರದ ಕಡೆ ಇದ್ದಾರೆ. ಯಾವುದನ್ನು ನಂಬಿದರೂ ಒಂದು ಮಾತು ನಿಜ: ಕುರ್ಚಿಗೆ ತೂಗುಹಾಕಿದ ಮಾತ್ರಕ್ಕೆ ಆ ಆಯುಧ ಆಯುಧವಲ್ಲದೆ ಹೋಗಲಿಲ್ಲ.

ಸುರಪುರ 1860ರಲ್ಲಿ ನಿಜಾಮನ ಪಾಲಾಯಿತು. ಬ್ರಿಟಿಷ್ ಭಾರತದಲ್ಲಿ 1878ರ ಶಸ್ತ್ರ ಕಾಯ್ದೆ ಬಂದು, ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ಪರವಾನಗಿ ಎಂಬ ಭೇದ ಕಾನೂನಿನ ಪುಸ್ತಕವನ್ನೇ ಸೇರಿತು. ಅದೇ ಹೊತ್ತಿನಲ್ಲಿ ಕೊಡಗಿನಲ್ಲಿ ಬೇರೆಯೇ ಆಯಿತು. ದಂಗೆಯ ಕಾಲದಲ್ಲಿ ಸರ್ಕಾರದ ಪರ ನಿಂತ ಕೊಡವರಿಗೆ 1861ರಲ್ಲಿ ನಿಶ್ಶಸ್ತ್ರೀಕರಣದಿಂದ ಬಿಡುಗಡೆ ದೊರೆಯಿತು. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು; 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಲಾಯಿತು. ಒಂದೇ ನಾಡಿನ ಎರಡು ಕೋವಿಯ ಜನಾಂಗಗಳಲ್ಲಿ ಒಂದರ ಕೋವಿ ಹಬ್ಬದ ಪೂಜೆಯಲ್ಲಿ ಉಳಿಯಿತು, ಇನ್ನೊಂದರದು ಲಾವಣಿಯಲ್ಲಿ ಉಳಿಯಿತು.

ಕೈಬಿಟ್ಟ ಆಯುಧಗಳ ಗತಿ ಏನಾಗುತ್ತದೆಂಬುದಕ್ಕೆ ನೆರೆಯ ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ನೋಡಬೇಕು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ಕಂಚಿನ ತೋಪನ್ನು 1854ರಲ್ಲಿ ಹಳೆಯ ಸಾಮಾನುಗಳೊಡನೆ ಹರಾಜಿಗೆ ಇಟ್ಟರು. ಬಂದ ಬೆಲೆ 150 ರೂಪಾಯಿ! ಅಲ್ಲಿನ ಮಾಮಲೇದಾರ ಇದು ತೀರ ಕಡಿಮೆ, ಜನರಿಗೂ ತೋಪಿನ ಮೇಲೆ ಭಕ್ತಿಯಿದೆ ಎಂದು ಮೇಲಿನವರಿಗೆ ತಿಳಿಸಿದ್ದರಿಂದ ಹರಾಜು ರದ್ದಾಯಿತು. ಆ ಒಂದು ವರದಿ ಹೋಗದಿದ್ದರೆ ಇಂದು ಪ್ರವಾಸಿಗರು ನೋಡುವ ತೋಪು ಎಂದೋ ಕರಗಿ ಪಾತ್ರೆಯಾಗುತ್ತಿತ್ತೋ ಏನೋ.

ಈಗ ಅಂಗಡಿಯ ಪ್ರಶ್ನೆಗೆ ಮರಳಬಹುದು. ಇಂದು ದೇಶದಲ್ಲಿ ಜಾರಿಯಲ್ಲಿರುವುದು 1959ರ ಶಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. ಅಂಗಡಿಯ ಕಪಾಟಿನಲ್ಲಿ ನಿಂತ ಕೋವಿ ಎಷ್ಟೇ ಮಾಸಿದ್ದರೂ, ಎಷ್ಟೇ ಅಗ್ಗವಾದರೂ ಕಾನೂನಿನ ಕಣ್ಣಿಗೆ ಪೂರ್ಣ ಬಂದೂಕೇ. ಅದರ ಮೇಲೆ ತಯಾರಕರ ಹೆಸರು, ಸಂಖ್ಯೆ ಇರಬೇಕು. ಮಾರುವವನಿಗೂ ಕೊಳ್ಳುವವನಿಗೂ ಪರವಾನಗಿ ಇರಬೇಕು. ಒಬ್ಬ ಪರವಾನಗಿದಾರ ಸಾಮಾನ್ಯವಾಗಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು. ಗೋಡೆಯ ಮೇಲಿನದೂ ಆ ಲೆಕ್ಕಕ್ಕೆ ಸೇರುತ್ತದೆ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಎರಡರಿಂದ ಐದು ವರ್ಷದ ಸೆರೆ ಮತ್ತು ದಂಡ.

ಹಾಗಾದರೆ ವಿನಾಯಿತಿಯೇ ಇಲ್ಲವೇ? ಇದೆ. ಕಾಯ್ದೆಯ 45ನೆಯ ಕಲಮಿನ ಪ್ರಕಾರ, ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಒಂದು ಷರತ್ತು: ರಿಪೇರಿ ಮಾಡದೆಯೂ, ಮಾಡಿದ ಮೇಲೂ ಅದು ಗುಂಡು ಹಾರಿಸಲಾರದಂತಿರಬೇಕು. ಅಜ್ಜನ ಕಾಲದ್ದು ಎಂಬ ಕಾರಣವೊಂದೇ ಸಾಲದು. ಅಟ್ಟದ ಮೇಲಿನ ಜಾಮಗಿ ಬಂದೂಕಿನ ನಳಿಗೆ ಗಟ್ಟಿಯಾಗಿದ್ದರೆ, ಕಮ್ಮಾರನೊಬ್ಬ ಅದನ್ನು ಸರಿಪಡಿಸಬಹುದಾದರೆ, ಅದು ವಿನಾಯಿತಿಯ ಹೊರಗೆ. ಬಂದೂಕಿನ ಪ್ರತಿಕೃತಿಗಳನ್ನು ಕೂಡ 2016ರ ನಿಯಮಗಳು ಗಣನೆಗೆ ತೆಗೆದುಕೊಂಡಿವೆ.

ಹಳೆಯ ಮನೆತನಗಳ ತೊಡಕು ಇಲ್ಲೇ ಇರುವುದು. ಹಿರಿಯರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಕೋವಿಯನ್ನು ಭಯದಿಂದ ಮುಚ್ಚಿಡುವವರಿದ್ದಾರೆ, ಬಾವಿಗೆ ಎಸೆಯುವವರಿದ್ದಾರೆ. ಮುಚ್ಚಿಟ್ಟರೆ ಅಪರಾಧ, ಎಸೆದರೆ ಚರಿತ್ರೆಯ ನಷ್ಟ. ಎರಡೂ ಬೇಕಿಲ್ಲ. ವಾರಸುದಾರರು ಪರವಾನಗಿಗೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿಯುಳ್ಳ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಡಲು 21ನೆಯ ಕಲಮು ಅವಕಾಶ ಕೊಡುತ್ತದೆ. ಹಾಗಾಗಿ ಅಂಗಡಿಯಲ್ಲಿರುವ ಕೋವಿಗಳೆಲ್ಲ ಮಾರಾಟಕ್ಕೇ ಇರುವುವಲ್ಲ. ಕೆಲವು ಯಾರದೋ ಮನೆಯವು, ಹಿಂತಿರುಗಲು ಕಾದಿರುವಂಥವು.

ಠೇವಣಿ ಇಡುವಾಗ ರಸೀದಿಯ ಜೊತೆಗೆ ಇನ್ನೊಂದು ಕೆಲಸ ಮಾಡಿದರೆ ಒಳ್ಳೆಯದು. ಅದು ಯಾರ ಕೈಯಲ್ಲಿತ್ತು, ಯಾವ ಊರಿನದು, ಮನೆಯ ಹಿರಿಯರು ಅದರ ಬಗ್ಗೆ ಏನು ಹೇಳುತ್ತಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಮಲಿಕ್-ಎ-ಮೈದಾನ್ ಉಳಿದದ್ದು ಅಂಥದೊಂದು ಕಾಗದದಿಂದ. ಸುರಪುರ ಸೀಮೆಯ ಕೋವಿಗಳಿಗೂ ಅಷ್ಟು ಸಲ್ಲಬೇಕಲ್ಲವೇ?