ತೆಗೆದರೂ ಹೋಗದ ಫೈಲು: ಹಳೇ ಸೆಟ್ಟಿಂಗ್‌ಗಳ ಸಣ್ಣ ಇತಿಹಾಸ

ಇವತ್ತಿನ ಕಥಿ ಮೂಡಲಗಿಯ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಿಂದ ಶುರುವಾಗುತ್ತದೆ.

ಅವತ್ತು 19ನೇ ತಾರೀಖು, ಸಂಜೆ. ಮರುದಿನ ಜಿಎಸ್‌ಟಿಆರ್-3ಬಿ ತುಂಬಲು ಕಡೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಅದರ ಮೇಲೆ ಬಾಕಿ ತೆರಿಗೆಗೆ ಬಡ್ಡಿ. ಅಂಗಡಿ ಕಾಕಾ ಫೋನ್ ಮಾಡಿದರು, "ತಮ್ಮಾ, ಬಿಲ್ಲಿಂಗ್ ಸಾಫ್ಟ್‌ವೇರ್ ತೆರೀವಲ್ದು, ಲಗೂನ ಬಾ." ನಾನು ಬಿ.ಕಾಂ. ಓದಿದವನು, ಇಂಜಿನಿಯರ್ ಅಲ್ಲ. ಆದ್ರ ಊರಾಗ ಲೆಕ್ಕ ಗೊತ್ತಿದ್ದವನಿಗೆ ಕಂಪ್ಯೂಟರೂ ಗೊತ್ತಿರಲೇಬೇಕು ಅಂತ ನಂಬಿಕೆ.

ಹೋಗಿ ಹೊಸ ವರ್ಷನ್ ಇನ್‌ಸ್ಟಾಲ್ ಮಾಡಿದೆ. ಅರ್ಧಕ್ಕೆ ನಿಂತು ಎರರ್ ಕೊಟ್ಟಿತು. ಹಳೇದನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ. ಅದೇ ಎರರ್. ಮೂರನೇ ಸಲನೂ ಅದೇ. ಆಗ ಕಾಕಾ ಕೇಳಿದರು, "ಪೂರಾ ತೆಗದ ಒಗದೀಯಲ್ಲೋ, ಮತ್ತ ಹಳೇದ ಹ್ಯಾಂಗ ನೆನಪ ಇಟ್ಟೈತಿ?"

ನೋಡ್ರಿ, ಈ ಪ್ರಶ್ನೆಗೆ ಸುಮಾರು ಐವತ್ತು ವರ್ಷದ ಇತಿಹಾಸ ಐತಿ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ತಯಾರಾಗುತ್ತಿದ್ದ ಕಾಲ. ಪ್ರತಿ ಫೋಲ್ಡರ್‌ನಲ್ಲೂ ಒಂದು ಚುಕ್ಕಿ, ಎರಡು ಚುಕ್ಕಿ ಅಂತ ಎರಡು ಹೆಸರು ಇರುತ್ತವೆ. ಫೈಲ್‌ಗಳ ಪಟ್ಟಿಯಲ್ಲಿ ಅವು ಕಾಣಬಾರದು ಅಂತ ಒಂದು ಒಳದಾರಿ ಹಿಡಿದರು: ಹೆಸರಿನ ಮೊದಲ ಅಕ್ಷರ ಚುಕ್ಕಿಯಾಗಿದ್ದರೆ ತೋರಿಸಬೇಡ. ಇದರಿಂದ ಚುಕ್ಕಿಯಿಂದ ಶುರುವಾಗುವ ಎಲ್ಲಾ ಫೈಲ್‌ಗಳೂ ಕಣ್ಮರೆಯಾದವು. ಪ್ರೋಗ್ರಾಂ ಬರೆಯುವವರಿಗೆ ಇದು ಅನುಕೂಲವಾಯಿತು, ತಮ್ಮ ಸೆಟ್ಟಿಂಗ್‌ಗಳನ್ನೆಲ್ಲ ಅಲ್ಲೇ ಇಡತೊಡಗಿದರು. ಮುಂದೆ ಬೆಲ್ ಲ್ಯಾಬ್ಸ್ ಸೇರಿ ಹೆಸರಾದ ರಾಬ್ ಪೈಕ್ 2012ರಲ್ಲಿ ಈ ಕಥೆ ಬರೆದರು. ಬಚ್ಚಿಟ್ಟ ಫೈಲು ಅನ್ನುವ ಪದ್ಧತಿ ಹುಟ್ಟಿದ್ದೇ ಒಂದು ಸಣ್ಣ ತಪ್ಪಿನಿಂದ ಅಂತ ಅವರ ಮಾತು.

ವಿಂಡೋಸ್ ಬಂದಾಗ ಸೆಟ್ಟಿಂಗ್‌ಗಳು ಐಎನ್‌ಐ ಅನ್ನುವ ಸಾದಾ ಫೈಲ್‌ಗಳಲ್ಲಿದ್ದವು. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದಿತ್ತು. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಸಣ್ಣದಾಗಿ ಬಂತು. ವಿಂಡೋಸ್ 95ರ ಹೊತ್ತಿಗೆ ಅದು ಇಡೀ ಕಂಪ್ಯೂಟರಿನ ದಫ್ತರವಾಯಿತು. ಪ್ರೋಗ್ರಾಂ ತೆಗೆಯಲು ಒಂದು ಬಟನ್ನೂ ಸಿಕ್ಕಿತು. ಆದರೆ ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು ಅನ್ನುವುದನ್ನು ಆಯಾ ಪ್ರೋಗ್ರಾಂ ಮಾಡಿದವರೇ ತೀರ್ಮಾನಿಸುತ್ತಿದ್ದರು. ಬಹಳಷ್ಟು ಜನ ಸೆಟ್ಟಿಂಗ್‌ಗಳನ್ನು ಬೇಕಂತಲೇ ಬಿಟ್ಟರು. ಮತ್ತೆ ಇನ್‌ಸ್ಟಾಲ್ ಮಾಡಿದವನಿಗೆ ಎಲ್ಲಾ ಹಿಂದಿನಂಗ ಸಿಗಲಿ ಅನ್ನೋದು ಉದ್ದೇಶ. ಲಿನಕ್ಸ್‌ನ ಡೆಬಿಯನ್‌ನಲ್ಲಿ ಇದಕ್ಕೇ ಎರಡು ಬೇರೆ ಆಜ್ಞೆಗಳಿವೆ: 'ರಿಮೂವ್' ಅಂದರೆ ಪ್ರೋಗ್ರಾಂ ಹೋಗುತ್ತದೆ, ಸೆಟ್ಟಿಂಗ್ ಫೈಲ್ ಉಳಿಯುತ್ತದೆ. 'ಪರ್ಜ್' ಅಂದರೆ ಎರಡೂ ಹೋಗುತ್ತವೆ.

ಈ ಉಪಕಾರವೇ ಒಮ್ಮೊಮ್ಮೆ ಉರುಳಾಗುತ್ತದೆ. ಹಳೇ ಫೈಲಿನಲ್ಲಿರುವ ವಿಳಾಸ ಸುಳ್ಳಾಗಿದ್ದರೂ ಹೊಸ ಇನ್‌ಸ್ಟಾಲರ್ ಅದನ್ನೇ ನಂಬಿ ಹೋಗುತ್ತದೆ. ಮೂಡಲಗಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ನಾವು ಗೋಕಾಕ ತಾಲೂಕಿನಲ್ಲಿದ್ದೆವು, ಈಗ ನಮ್ಮದೇ ತಾಲೂಕು. ಹಳೇ ಉತಾರದಾಗ ಇನ್ನೂ "ತಾ. ಗೋಕಾಕ" ಅಂತಲೇ ಐತಿ. ಅದನ್ನು ಹಿಡಿದುಕೊಂಡು ಹೊರಗಿನವರು ಗೋಕಾಕಕ್ಕೇ ಹೋಗಿ ನಿಲ್ಲುತ್ತಾರೆ.

ಕಾಕಾನ ಕಂಪ್ಯೂಟರಿನಲ್ಲೂ ಆಗಿದ್ದು ಇದೇ. ಅದರಲ್ಲಿ ಎರಡು ಡಿಸ್ಕ್ ಇದ್ದವು. ಹಿಂದಿನ ವಾರ ಗೋಕಾಕಕ್ಕೆ ಒಯ್ದು, ಕೆಟ್ಟಿದ್ದ ಡಿ ಡ್ರೈವ್ ತೆಗೆಸಿದ್ದರು. ಆದರೆ ಸೆಟ್ಟಿಂಗ್ ಫೈಲ್ ಇನ್ನೂ "ಡೇಟಾ ಡಿ ಡ್ರೈವ್‌ನಲ್ಲಿದೆ" ಅಂತ ಹೇಳುತ್ತಿತ್ತು. ಇನ್‌ಸ್ಟಾಲರ್ ಇಲ್ಲದ ಮನೆಯ ಬಾಗಿಲು ಬಡಿಯುತ್ತಿತ್ತು.

ಪ್ರೋಗ್ರಾಂಡೇಟಾ ಅನ್ನುವ ಬಚ್ಚಿಟ್ಟ ಫೋಲ್ಡರ್‌ನಲ್ಲಿ ಅದರ ಹಳೇ ಫೋಲ್ಡರ್ ಸಿಕ್ಕಿತು. ಇಡೀ ಫೋಲ್ಡರ್ ಡಿಲೀಟ್ ಮಾಡಬೇಕು ಅನ್ನುವಷ್ಟರಲ್ಲಿ ಹುಕ್ಕೇರಿಯ ಗೆಳೆಯನಿಗೆ ಫೋನ್ ಹಚ್ಚಿದೆ. ಅವನು ಚೀರಿದ: "ಡಿಲೀಟ್ ಮಾಡಬ್ಯಾಡೋ! ಹೆಸರಷ್ಟ ಬದಲ ಮಾಡು!" ತೆರೆದು ನೋಡಿದರೆ, ಡಿ ಡ್ರೈವ್ ತೆಗೆಯುವ ಮುಂಚೆ ಕಾಪಿ ಮಾಡಿದ್ದ ಆರು ವರ್ಷದ ಲೆಕ್ಕ ಅದರೊಳಗೇ ಇತ್ತು. ಸುತ್ತಲ ಹಳ್ಳಿಯವರ ಉದ್ರಿ ಪೂರಾ. ಬೇರೆ ಕಾಪಿ ಎಲ್ಲೂ ಇರಲಿಲ್ಲ. ನನ್ನ ಕೈ ತಣ್ಣಗಾಯಿತು ರೀ.

ಈ ಪಾಠವನ್ನು ಮೈಕ್ರೋಸಾಫ್ಟ್ ಕೂಡ ಕಲಿತಿದೆ. ಇನ್‌ಸ್ಟಾಲ್ ದಾಖಲೆಗಳನ್ನು ಅಳಿಸಲು ಅವರೇ ಒಂದು ಕ್ಲೀನಪ್ ಟೂಲ್ ಕೊಟ್ಟಿದ್ದರು. ಅದು ಒಮ್ಮೊಮ್ಮೆ ಬೇರೆ ಪ್ರೋಗ್ರಾಂಗಳಿಗೂ ಪೆಟ್ಟು ಕೊಡುತ್ತಿದ್ದುದರಿಂದ 2010ರಲ್ಲಿ ವಾಪಸ್ ತೆಗೆದುಕೊಂಡರು.

ಹಂಗಾರ ಮಾಡೋದು ಏನು? ಮೊದಲು ಪ್ರೋಗ್ರಾಂ ಪೂರ್ತಿ ಬಂದ್ ಮಾಡಿ, ಹಿಂದೆ ಓಡುತ್ತಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಲ್ಲಿಸಿ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಇಂಗ್ಲಿಷಿನಲ್ಲಿ %ಆಪ್‌ಡೇಟಾ% ಅಂತ ಟೈಪಿಸಿ. ಅಲ್ಲಿ ಸಿಗದಿದ್ದರೆ %ಪ್ರೋಗ್ರಾಂಡೇಟಾ% ನೋಡಿ. ಆ ಪ್ರೋಗ್ರಾಂನ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಆಮೇಲೆ ಮೂಲದ ಹೆಸರಿಗೆ 'ಹಳೇದು' ಅಂತ ಸೇರಿಸಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ. ಓಡಿದರೆ ಡೇಟಾ ಮಾತ್ರ ವಾಪಸ್ ತನ್ನಿ, ಹಳೇ ಸೆಟ್ಟಿಂಗ್ ಫೈಲ್ ಬೇಡ.

ನಿಮ್ಮ ಮೊಬೈಲ್‌ನಲ್ಲೂ ಇದು ನಡೆಯುತ್ತದೆ. 2015ರ ಆಂಡ್ರಾಯ್ಡ್ 6ರಿಂದ ಆ್ಯಪ್‌ಗಳ ಸೆಟ್ಟಿಂಗ್ ಗೂಗಲ್ ಡ್ರೈವ್‌ಗೆ ತಾನಾಗಿಯೇ ಬ್ಯಾಕಪ್ ಆಗಬಹುದು. ಆ್ಯಪ್ ತೆಗೆದು ಮತ್ತೆ ಹಾಕಿದರೂ ಹಳೇ ತೊಂದರೆ ಬರುತ್ತಿದ್ದರೆ, ಆ್ಯಪ್‌ನ ಸ್ಟೋರೇಜ್‌ಗೆ ಹೋಗಿ 'ಕ್ಲಿಯರ್ ಡೇಟಾ' ಒತ್ತಿ. ಒತ್ತುವ ಮುಂಚೆ ಬೇಕಾದ್ದು ಬೇರೆ ಕಡೆ ಉಳಿದಿದೆಯಾ ಅಂತ ನೋಡಿಕೊಳ್ಳಿ.

ಅವತ್ತು ರಾತ್ರಿ 11ಕ್ಕೆ ರಿಟರ್ನ್ ಹೋಯಿತು. ಕಾಕಾ ಚಹಾ ಕೊಟ್ಟು ಕೇಳಿದರು, "ಆ ಹಳೇದ ಈಗ ತೆಗೀಲೇನ?" ಬ್ಯಾಡ ಕಾಕಾ, ಇರಲಿ ಅಂದೆ. ಇನ್ನೂ ಅಲ್ಲೇ ಐತಿ.

ನಿಮಗೂ ಹಿಂಗ ಏನಾರ ಆಗಿತ್ತಂದ್ರ ವಾಯ್ಸ್ ಮೆಸೇಜ್ ಕಳಸ್ರಿ. ಮುಂದಿನ ವಾರ ಸಿಗೋಣು, ಬರ್ತೀನ್ರಿ.